ಹಸಿರು ಇಂಜಿನ್ನಿನ ಮೋಟಾರು

ಸತ್ತು ಹದಿನಾಲ್ಕು ವರ್ಷವಾಗಿದ್ದರೂ ಅಣ್ಣನ ಕೈ ತಿಂಗಳಿಗೊಮ್ಮೆಯಾದರೂ ತಂತಿಯಮ್ಮನ ಮೇಜಿಗೆ ಬರುತ್ತಿತ್ತು. ಯಾರಾದರೊಬ್ಬರು ಹಳೆಯ ಮಾದರಿ ರೈಲಿನ ಇಂಜಿನ್ನೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಗೇಣುದ್ದದ ಇಂಜಿನ್ನು. ನೋಡಿದರೆ ಮಕ್ಕಳ ಆಟಿಕೆ, ಆದರೆ ತರುವವರೆಲ್ಲ ತಲೆ ನರೆತವರು. ಓಡುತ್ತಿಲ್ಲ, ಗೊರಗೊರ ಎನ್ನುತ್ತದೆ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ ಎಂದು ಮನೆಯವರ ಕಾಯಿಲೆ ಹೇಳಿದಂತೆ ಹೇಳಿ ಹೋಗುತ್ತಿದ್ದರು. ತಂತಿಯಮ್ಮ ತಳದ ಎರಡು ಸ್ಕ್ರೂ ಬಿಚ್ಚಿ, ತಗಡಿನ ಮೈಯನ್ನು ಮೇಲಕ್ಕೆತ್ತಿ, ಭೂತಗನ್ನಡಿ ಹಿಡಿದು ಒಳಗೆ ನೋಡುತ್ತಿದ್ದಳು. ಅಲ್ಲಿ ಅಣ್ಣ ಇರುತ್ತಿದ್ದ. ಸಾಸಿವೆ ಕಾಳಿಗಿಂತ ಚಿಕ್ಕದಾದ, ಇನ್ನೂ ಹೊಳೆಯುವ ಬೆಸುಗೆ. ತಂತಿಯ ತುದಿಯನ್ನು ಎಡಕ್ಕೆ ಮಡಚುವ ಅವನ ಅಭ್ಯಾಸ. ಸವೆದ ಗೇರುಚಕ್ರದ ಹಲ್ಲಿಗೆ ಹಿತ್ತಾಳೆ ತುಂಬಿ ಅರದಿಂದ ಉಜ್ಜಿದ ಗುರುತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಅವಳಿಗೆ ಮಾತ್ರ ಅದು ಸಹಿ ಹಾಕಿದಷ್ಟು ಸ್ಪಷ್ಟ.

ಅವಳ ಕೋಣೆ ಒಂದು ಓಣಿಯ ಕೊನೆಯಲ್ಲಿ, ಪುಸ್ತಕಕ್ಕೆ ರಟ್ಟು ಹಾಕುವವನ ಅಂಗಡಿಯ ಪಕ್ಕದಲ್ಲಿತ್ತು. ಒಂದು ಕಿಟಕಿ, ಕಿಟಕಿಯುದ್ದಕ್ಕೂ ಒಂದು ಮೇಜು, ಮೇಜಿನ ಎರಡೂ ಪಕ್ಕ ಎರಡು ಸ್ಟೂಲು. ಗೋಡೆಯ ತುಂಬ ತಗಡಿನ ಡಬ್ಬಿಗಳು. ಒಂದರಲ್ಲಿ ಮೋಟಾರಿಗೆ ಕರೆಂಟು ಮುಟ್ಟಿಸುವ ಇಂಗಾಲದ ಬ್ರಷ್ಷು, ಒಂದರಲ್ಲಿ ಸ್ಪ್ರಿಂಗು, ಒಂದರಲ್ಲಿ ಗೋಧಿ ಕಾಳಿನಷ್ಟು ದೊಡ್ಡ ಗೇರುಗಳು. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಮೋಟಾರಿನೊಳಗೆ ತಿರುಗುವ ಆರ್ಮೇಚರಿಗೆ ಕೈಯಲ್ಲೇ ಸುತ್ತುವವಳು ಆ ಸುತ್ತಮುತ್ತ ಅವಳೊಬ್ಬಳೇ. ಅದಕ್ಕೇ ತಂತಿಯಮ್ಮ. ಪಡಿತರ ಚೀಟಿಯಲ್ಲಿ ಬೇರೆ ಹೆಸರಿತ್ತು, ಆ ಹೆಸರಿನಿಂದ ಯಾರಾದರೂ ಕರೆದು ವರ್ಷಗಳಾಗಿದ್ದವು.

ಬಂದ ಇಂಜಿನ್ನುಗಳಲ್ಲಿ ಹೆಚ್ಚಿನವುಗಳ ರೋಗ ಒಂದೇ: ಹಾಕಿದ ಎಣ್ಣೆ ದಶಕಗಳಲ್ಲಿ ಗೋಂದಾಗಿ ಗೇರುಗಳನ್ನು ಹಿಡಿದುಕೊಂಡಿರುತ್ತಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಜ್ಜಿದರೆ ಬಿಡುತ್ತಿತ್ತು. ಕೆಲವಕ್ಕೆ ಅಯಸ್ಕಾಂತ ಸೋತಿರುತ್ತಿತ್ತು. ಇನ್ನು ಕೆಲವಕ್ಕೆ ಲೋಹವೇ ಒಳಗೊಳಗೆ ಉಬ್ಬಿ, ಬಿರಿದು, ಮುಟ್ಟಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಎರಕ ಹೊಯ್ಯುವ ದಿನವೇ ಸೇರಿಕೊಂಡ ಕಶ್ಮಲ ಅದು, ಐವತ್ತು ವರ್ಷ ಸುಮ್ಮನಿದ್ದು ಆಮೇಲೆ ಹೊರಗೆ ಬರುವಂಥದ್ದು. ಅದಕ್ಕೆ ಮದ್ದಿಲ್ಲ ಎಂದು ಅವಳು ಗಿರಾಕಿಗಳಿಗೆ ನೇರವಾಗಿ ಹೇಳಿಬಿಡುತ್ತಿದ್ದಳು.

ಮಧ್ಯಾಹ್ನದ ಹೊತ್ತು ಓಣಿ ಸದ್ದಿಲ್ಲದೆ ಮಲಗಿದಾಗ ಮೇಜಿನ ಆಚೆ ಪಕ್ಕದಿಂದ ಯಾರೋ ಗಂಟಲು ಸರಿಮಾಡಿಕೊಂಡಂತೆ ಕೇಳುತ್ತಿತ್ತು. ಅಣ್ಣ ಏನಾದರೂ ಕೇಳುವ ಮೊದಲು ಹಾಗೆ ಮಾಡುತ್ತಿದ್ದ. ಕೆಲಸದಲ್ಲಿ ಮುಳುಗಿದ್ದ ತಂತಿಯಮ್ಮ ತಲೆ ಎತ್ತದೆ "ಹೂಂ" ಎಂದುಬಿಡುತ್ತಿದ್ದಳು. ಅಂದ ಮೇಲೆ ಕೈ ನಿಲ್ಲುತ್ತಿತ್ತು. ಖಾಲಿ ಸ್ಟೂಲನ್ನು ನೋಡುವ ಧೈರ್ಯವಾಗದೆ ಕಿಟಕಿ ನೋಡುತ್ತಿದ್ದಳು. ರಟ್ಟಿನವನಿಗೆ ಗೋಡೆಯಾಚೆ ಆ "ಹೂಂ" ಕೇಳಿಸುತ್ತಿತ್ತು. ಯಾರ ಕಥೆಗೆ ಹೂಂಗುಟ್ಟುತ್ತಿದ್ದೀರಿ ಎಂದು ಅವನು ತಮಾಷೆ ಮಾಡುತ್ತಿದ್ದ. ಮಹಡಿಯ ಮೇಲೆ ಅವಳ ಜೊತೆಗಿದ್ದ ಅತ್ತಿಗೆಗೆ, ಅಂದರೆ ಅಣ್ಣನ ಹೆಂಡತಿಗೆ, ಒಮ್ಮೆ ಇದನ್ನು ಹೇಳಿಕೊಂಡಾಗ ಅತ್ತಿಗೆ ನಕ್ಕಿದ್ದಳು. ದಿನವಿಡೀ ಭೂತಗನ್ನಡಿಯಲ್ಲಿ ನೋಡುವವಳಿಗೆ ಭೂತ ಕಾಣದೆ ಇನ್ನೇನು ಕಾಣುತ್ತದೆ ಎಂದಿದ್ದಳು. ನಕ್ಕು, ಎದ್ದು ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬಂದಿರಲಿಲ್ಲ.

ಅಣ್ಣ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಮೋಟಾರಿನ ಕೆಲಸ ಕಲಿತವನು. ಅದನ್ನು ಬಿಟ್ಟು ಈ ಕೋಣೆ ಹಿಡಿದಾಗ ತಂಗಿಯನ್ನೂ ಕರೆದುಕೊಂಡ. ನಿನ್ನ ಬೆರಳು ಸಪೂರ, ನನ್ನವು ಬದನೆಕಾಯಿ ಎನ್ನುತ್ತಿದ್ದ. ಗೇರು ಅವನದು, ತಂತಿ ಇವಳದು. ಹನ್ನೊಂದು ವರ್ಷ ಹೀಗೆ ಎದುರುಬದುರು ಕೂತು ದುಡಿದರು. ಆಮೇಲೆ, ಇಪ್ಪತ್ತನಾಲ್ಕು ವರ್ಷದ ಕೆಳಗೆ, ಒಂದು ಗುರುವಾರ ಅದು ನಡೆಯಿತು.

ಆವತ್ತು ಬೆಳಿಗ್ಗೆ ಇಬ್ಬರಿಗೂ ಸಣ್ಣ ಜಗಳವಾಗಿತ್ತು. ಬಾಗಿಲ ಮೇಲಿನ ಬೋರ್ಡಿಗೆ ಹೊಸ ಬಣ್ಣ ಹೊಡೆಸುವವನಿದ್ದ ಅಣ್ಣ. ನನ್ನ ಹೆಸರೂ ಇರಲಿ ಎಂದಳು ಇವಳು. ಅವನು ನಕ್ಕ. ಬೋರ್ಡು ಇರುವುದು ಮೊಳದಷ್ಟು, ಇಬ್ಬರು ಎಲ್ಲಿ ಹಿಡಿಸುತ್ತೇವೆ ಎಂದ. ಅವನ ಮಟ್ಟಿಗೆ ಅದು ತಮಾಷೆ. ಇವಳಿಗೆ ಅದು ಎದೆಗೆ ನಾಟಿತು.

ಹನ್ನೊಂದು ಗಂಟೆಗೆ ಮೇಷ್ಟ್ರು ಬಂದರು. ಭೂಗೋಳ ಕಲಿಸುತ್ತಿದ್ದವರು, ಮಾದರಿ ರೈಲಿನ ಸಂಘ ಕಟ್ಟಿದವರು, ಊರಲ್ಲಿ ಅವರ ಮಾತಿಗೆ ತೂಕವಿತ್ತು. ಹಿಂದಿನ ವಾರವಷ್ಟೇ ದುರಸ್ತಿಯಾಗಿ ಹೋಗಿದ್ದ ತಮ್ಮ ಹಸಿರು ಇಂಜಿನ್ನನ್ನು ಮೇಜಿನ ಮೇಲಿಟ್ಟರು. ಎಂದೋ ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಯವರು ಕೈಯಲ್ಲೇ ಮಾಡಿದ ಇಂಜಿನ್ನು ಅದು. ಮೈಗೂ ಮೋಟಾರಿಗೂ ಒಂದೇ ಸಂಖ್ಯೆ ಕೊರೆಯುವುದು ಅವರ ಪದ್ಧತಿ. ಮೈಯ ಮೇಲೆ ನಾನೂರ ಹದಿನೇಳು ಎಂದಿತ್ತು, ಒಳಗಿನ ಮೋಟಾರಿನ ಮೇಲೆ ಮುನ್ನೂರ ತೊಂಬತ್ತೆರಡು. ನನ್ನ ಮೋಟಾರು ಎಲ್ಲಿ ಎಂದು ಮೇಷ್ಟ್ರು ಕೇಳಿದರು. ನೀವು ತಂದಾಗ ಇದ್ದದ್ದು ಇದೇ ಎಂದ ಅಣ್ಣ. ಮಾತು ಬೆಳೆಯಿತು. ಕೊನೆಗೆ ಮೇಷ್ಟ್ರು ತಂತಿಯಮ್ಮನ ಕಡೆ ತಿರುಗಿದರು.

"ನೀನು ಇಲ್ಲೇ ಕೂತಿರ್ತೀಯಲ್ಲಮ್ಮ. ನಿಜ ಹೇಳು. ಏನಾದ್ರೂ ನೋಡಿದ್ಯಾ?"

ಅವಳ ಕೈಗೆ ಬಂದದ್ದು ತಂತಿ ಸುಟ್ಟ ಆರ್ಮೇಚರು ಮಾತ್ರ. ಅದರ ಮೇಲೆ ಸಂಖ್ಯೆ ಇರುವುದಿಲ್ಲ. ಹಾಗಾಗಿ ಗೊತ್ತಿಲ್ಲ ಎಂದಿದ್ದರೆ ಅದು ಪೂರ್ತಿ ನಿಜವಾಗಿರುತ್ತಿತ್ತು. ಆದರೆ ಬೆಳಗಿನ ನಗು ಇನ್ನೂ ಕಿವಿಯಲ್ಲಿತ್ತು.

"ಮೊನ್ನೆ ಒಂದು ಮೋಟಾರನ್ನ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡು ಹೊರಗೆ ಹೋದ" ಎಂದಳು. "ಯಾವುದು ಅಂತ ನಂಗೊತ್ತಿಲ್ಲ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಣ್ಣ ಹಾಗೆ ಹೋಗಿದ್ದ. ಆದರೆ ಅವನು ಹಾಗೆ ಹೋಗುತ್ತಿದ್ದದ್ದು ವಾರಕ್ಕೆ ಎರಡು ಸಲ. ಪೇಟೆಯ ಆಚೆ ತುದಿಯ ಡೈನಮೋ ಅಂಗಡಿಯಲ್ಲಿ ಸೋತ ಅಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬಿಸುವ ಯಂತ್ರವಿತ್ತು. ಅದು ಅವಳಿಗೂ ಗೊತ್ತಿತ್ತು. ಆ ಅರ್ಧವನ್ನು ಅವಳು ಹೇಳಲಿಲ್ಲ.

ಅಣ್ಣ ಅವಳನ್ನು ನೋಡಿದ. ಸಿಟ್ಟಿನಿಂದಲ್ಲ. ಪರಿಚಯದವರು ಅಂದುಕೊಂಡು ಕೂಗಿ, ಹತ್ತಿರ ಹೋದ ಮೇಲೆ ಬೇರೆ ಯಾರೋ ಎಂದು ತಿಳಿದಾಗ ನೋಡುತ್ತಾರಲ್ಲ, ಹಾಗೆ. ಕೈಯಲ್ಲಿದ್ದ ಚಿಮುಟವನ್ನು ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು, ಮಹಡಿ ಹತ್ತಿದ. ಮರುದಿನ ಕೆಳಗಿಳಿದು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಹಳೆಯ ಕಾರ್ಖಾನೆಗೇ ಮತ್ತೆ ಸೇರಿಕೊಂಡ. ಮನೆಯಲ್ಲಿ ಅವಳೊಡನೆ ಎಲ್ಲ ಮಾತಾಡುತ್ತಿದ್ದ. ನೀರು ಬಂತಾ, ನೆಗಡಿ ಹೋಯ್ತಾ, ಕೊಡೆ ತಗೊಂಡು ಹೋಗು. ಆ ಗುರುವಾರದ ಮಾತು ಮಾತ್ರ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಹತ್ತು ವರ್ಷ ಹೀಗೇ ಕಳೆದು, ಒಂದು ದಿನ ಕಾರ್ಖಾನೆಯ ಗೇಟಿನ ಹತ್ತಿರ ಕುಸಿದು ಕೂತವನು ಮತ್ತೆ ಏಳಲಿಲ್ಲ.

ಊರಿನ ಬಾಯಿಗೆ ಹೆದರಿ ಅಣ್ಣ ಅಂಗಡಿ ಬಿಟ್ಟ ಎಂದು ತಂತಿಯಮ್ಮ ನಂಬಿದ್ದಳು. ಮೋಟಾರು ತೆಗೆದದ್ದು ಅವನೇ ಇರಬಹುದು ಎಂದೂ ನಂಬಲು ನೋಡಿದ್ದಳು. ಹಾಗೆ ನಂಬಿದ ದಿನ ನಿದ್ದೆ ಸ್ವಲ್ಪ ಚೆನ್ನಾಗಿ ಬರುತ್ತಿತ್ತು.

ಈ ವರ್ಷ ಮಳೆ ಶುರುವಾಗುವ ಮೊದಲು ಮೇಷ್ಟ್ರ ಮಗಳು ಬಂದಳು. ಐವತ್ತು ದಾಟಿದ ಹೆಂಗಸು, ಆಸ್ಪತ್ರೆಯೊಂದರಲ್ಲಿ ನರ್ಸು. ರಟ್ಟಿನ ಪೆಟ್ಟಿಗೆಯಿಂದ ಎರಡು ಇಂಜಿನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು ಆ ಹಸಿರು ಇಂಜಿನ್ನು. ತಂತಿಯಮ್ಮನಿಗೆ ಅದನ್ನು ಮುಟ್ಟಲು ಒಂದು ಕ್ಷಣ ಬೇಕಾಯಿತು. ಇನ್ನೊಂದು ಅದೇ ಅಚ್ಚಿನದು, ಬಣ್ಣ ಮಾತ್ರ ಕೆಂಪು. ಅದನ್ನು ಅವಳು ಎಂದೂ ನೋಡಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾರೆ, ನೆನಪು ಬರುತ್ತದೆ ಹೋಗುತ್ತದೆ ಎಂದಳು ಮಗಳು. ಕೆಂಪು ಇಂಜಿನ್ನನ್ನು ಅವರು ಯಾರ ಕೈಗೂ ಕೊಟ್ಟವರಲ್ಲವಂತೆ, ಏನಿದ್ದರೂ ತಾವೇ ಬಿಚ್ಚಿ ತಾವೇ ಜೋಡಿಸುತ್ತಿದ್ದರಂತೆ.

"ಮೊನ್ನೆ ಇದ್ದಕ್ಕಿದ್ದ ಹಾಗೆ, ಇವೆರಡನ್ನೂ ಒಟ್ಟಿಗೆ ತಂತಿಯಮ್ಮಂಗೆ ಕೊಟ್ಟು ಬಾ ಅಂದ್ರು. ಬೇರೆ ಯಾರಿಗೂ ಬೇಡ, ಅವಳಿಗೇ ಕೊಡು ಅಂದ್ರು" ಎಂದು ಹೇಳಿ ಹೋದಳು.

ಅವತ್ತು ಬೆಳಗಿನ ಬೆಳಕಿನಲ್ಲೇ ತಂತಿಯಮ್ಮ ಕೆಂಪು ಇಂಜಿನ್ನು ಬಿಚ್ಚಿದಳು. ಸ್ಕ್ರೂಗಳ ತಲೆಗೆ ಕೆಂಪು ಬಣ್ಣದ ಚುಕ್ಕೆ ಇತ್ತು. ತಾವೇ ಬಿಚ್ಚಿ ಜೋಡಿಸಿದ್ದಕ್ಕೆ ಮೇಷ್ಟ್ರು ಇಡುತ್ತಿದ್ದ ಗುರುತು ಅದು. ಮೈ ಎತ್ತಿದಾಗ ಒಳಗೆ ಅಣ್ಣನ ಕೈ ಇರಲಿಲ್ಲ. ಬೆಸುಗೆ ದಪ್ಪ, ಅಡ್ಡಾದಿಡ್ಡಿ, ಹವ್ಯಾಸಿಯ ಕೆಲಸ. ಮೈಯ ತಳದಲ್ಲಿ ಮುನ್ನೂರ ತೊಂಬತ್ತೆರಡು ಎಂದಿತ್ತು. ಅವಳು ಮೋಟಾರನ್ನು ಚಿಮುಟದಿಂದ ಎತ್ತಿ ಬೆಳಕಿಗೆ ತಿರುಗಿಸಿದಳು.

ನಾನೂರ ಹದಿನೇಳು.

ಬ್ರಷ್ಷಿನ ಕೆಳಗೆ ವಿದ್ಯುತ್ತು ಹರಿಯದಿರಲೆಂದು ಕಾಗದದ ಸಣ್ಣ ಪಟ್ಟಿಯೊಂದನ್ನು ಮಡಚಿ ತುರುಕಿದ್ದರು. ಅದು ಯಾವುದೋ ಪ್ರಶ್ನೆಪತ್ರಿಕೆಯಿಂದ ಕತ್ತರಿಸಿದ್ದು. "ಕೆಳಗಿನ ನದಿಗಳನ್ನು" ಎಂಬ ಎರಡು ಮಾತು ಇದ್ದವು, ಮೇಲೆ ವಾರ್ಷಿಕ ಪರೀಕ್ಷೆಯ ಇಸವಿ ಇತ್ತು. ಹಸಿರು ಇಂಜಿನ್ನು ಅವರ ಅಂಗಡಿಗೆ ಬಂದದ್ದಕ್ಕಿಂತ ಒಂದು ವರ್ಷ ಹಿಂದಿನ ಇಸವಿ.

ಅಂದರೆ ಮೋಟಾರು ಅದಲುಬದಲಾದದ್ದು ಮೇಷ್ಟ್ರ ಮನೆಯಲ್ಲೇ. ಎರಡೂ ಒಂದೇ ಅಚ್ಚಿನವು. ಎರಡನ್ನೂ ಒಟ್ಟಿಗೆ ಬಿಚ್ಚಿ ತೊಳೆದು, ತಿರುಗಿ ಜೋಡಿಸುವಾಗ ಇದರದ್ದು ಅದಕ್ಕೆ ಹೋಗಿತ್ತು. ಅಣ್ಣ ಹೇಳಿದ್ದು ನಿಜ. ನೀವು ತಂದಾಗ ಇದ್ದದ್ದು ಇದೇ.

ಅವಳು ಮೋಟಾರನ್ನು ಕೆಳಗಿಟ್ಟಳು. ಆಚೆ ಪಕ್ಕದಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿತು, ಎಂದಿಗಿಂತ ಹತ್ತಿರದಲ್ಲಿ. ಈ ಸಲ ಅವಳ ಬಾಯಿಂದ ಹೂಂ ಹೊರಡಲಿಲ್ಲ. ಬಾಗಿಲು ಮುಂದಕ್ಕೆಳೆದು, ಗೋಡೆ ಹಿಡಿದುಕೊಂಡು ಮಹಡಿ ಹತ್ತಿದಳು.

ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ತಂತಿಯಮ್ಮ ಕಂಡದ್ದನ್ನೆಲ್ಲ ಹೇಳಿದಳು. ಬೋರ್ಡಿನ ಜಗಳವನ್ನೂ, ಡೈನಮೋ ಅಂಗಡಿಯ ವಿಷಯ ಗೊತ್ತಿದ್ದೂ ಬಾಯಿ ಬಿಡದಿದ್ದದ್ದನ್ನೂ ಮೊದಲ ಬಾರಿಗೆ ಹೇಳಿದಳು. ಅತ್ತಿಗೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಅವರು ತೆಗೆದಿಲ್ಲ ಅಂತ ನಂಗೊತ್ತಿತ್ತು" ಎಂದಳು.

"ಮತ್ತೆ ಯಾಕೆ ಅವನು ಬಾಯಿ ಬಿಡ್ಲಿಲ್ಲ ಅತ್ತಿಗೆ? ಡೈನಮೋ ಅಂಗಡಿಯವರನ್ನ ಕೇಳಿ ಅಂದಿದ್ರೆ ಸಾಕಿತ್ತಲ್ಲ?"

"ನಾನೂ ಅದನ್ನೇ ಕೇಳ್ದೆ. ಅವಳೇ ಹಾಗಂದ ಮೇಲೆ ಇನ್ಯಾರಿಗೆ ಹೇಳ್ಲಿ ಅಂದ್ರು." ಅತ್ತಿಗೆ ಮಡಚಿದ ಸೀರೆಯನ್ನು ಇನ್ನೊಂದರ ಮೇಲಿಟ್ಟಳು. "ಅಷ್ಟೇ. ಆಮೇಲೆ ನಾನೂ ಕೇಳ್ಲಿಲ್ಲ."

ಎರಡು ದಿನ ಬಿಟ್ಟು ತಂತಿಯಮ್ಮ ಎರಡು ಮೋಟಾರುಗಳನ್ನೂ ಕಾಗದದಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಹೋದಳು. ಒಂದು ಕಾಲದಲ್ಲಿ ಎದ್ದು ನಿಂತರೆ ಬಾಗಿಲು ತುಂಬುತ್ತಿದ್ದ ಮನುಷ್ಯ ಈಗ ಕಿಟಕಿ ಪಕ್ಕದ ಮಂಚದಲ್ಲಿ ಹೊದಿಕೆಯ ಒಂದು ಮಡಿಕೆಯಂತೆ ಮಲಗಿದ್ದರು. ಮಗಳು ದಿಂಬು ಕೊಟ್ಟು ಕೂರಿಸಿ, ಬಿಸಿನೀರು ತರಲು ಹೋದಳು. ತಂತಿಯಮ್ಮ ಕಾಗದ ಬಿಚ್ಚಿ ಮೋಟಾರುಗಳನ್ನು ಅವರ ಅಂಗೈಯಲ್ಲಿಟ್ಟಳು. ಅವರು ಹೆಬ್ಬೆರಳಿನಿಂದ ಸಂಖ್ಯೆಗಳನ್ನು ಸವರಿ ಓದಿಕೊಂಡರು.

"ಸಿಕ್ತಾ?" ಎಂದರು.

"ನಿಮಗೆ ಯಾವಾಗ ಗೊತ್ತಾಯ್ತು ಮೇಷ್ಟ್ರೇ?"

"ಅದೇ ವರ್ಷ. ಎರಡು ಮೂರು ತಿಂಗಳಾಗಿತ್ತು. ಕೆಂಪಿನದು ಬಿಚ್ಚಿದೆ, ಕಂಡಿತು. ಹಾಗೇ ಮುಚ್ಚಿಟ್ಟೆ." ಅವರ ಉಸಿರು ಎಳೆಯುತ್ತಿತ್ತು. "ಬಂದು ಹೇಳಬೇಕು ಅಂತ ನಿಮ್ಮ ಓಣಿವರೆಗೂ ಬಂದಿದ್ದೆ. ನಾಲ್ಕು ಸಲ. ಆಮೇಲೆ, ಸ್ವಂತ ತಂಗಿನೇ ಹೇಳಿದಾಳೆ, ಅವನು ಬೇರೆ ಏನೋ ಮಾಡಿರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ."

ತಂತಿಯಮ್ಮನೂ ಅದನ್ನೇ ಮಾಡಿದ್ದಳು: ಮೇಷ್ಟ್ರಂಥವರೇ ಹೇಳಿದ್ದಾರೆ, ಏನೋ ಇದ್ದಿರಬೇಕು ಎಂದುಕೊಂಡಿದ್ದಳು. ಇಪ್ಪತ್ತನಾಲ್ಕು ವರ್ಷ ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿಕೊಂಡು ನಿಂತಿದ್ದರು, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ. ಮೇಷ್ಟ್ರು ಮೋಟಾರುಗಳನ್ನು ಹಿಂದಕ್ಕೆ ಕೊಟ್ಟು, ಸರಿಯಾಗಿ ಹಾಕಿಬಿಡು ಎಂದರು. ಮಗಳು ಬಿಸಿನೀರು ತರುವ ಹೊತ್ತಿಗೆ ಅವರ ಮನಸ್ಸು ಬೇರೆಲ್ಲೋ ಹೋಗಿತ್ತು. ಇವರು ಯಾರು ಎಂದು ಮಗಳನ್ನೇ ಕೇಳಿದರು.

ತಂತಿಯಮ್ಮ ಹಾಕಿದಳು. ಕೆಂಪಿನದರ ಸವೆದ ಗೇರಿಗೆ ಹಿತ್ತಾಳೆ ತುಂಬಿದಳು, ಹಳೆಯ ಬೆಸುಗೆ ಬಿಡಿಸಿ ಹೊಸದು ಹಾಕಿದಳು. ಹಸಿರಿನದರಿಂದ ಹೊರಬಂದ ಮುನ್ನೂರ ತೊಂಬತ್ತೆರಡರಲ್ಲಿ ಅಣ್ಣನ ಬೆಸುಗೆಯೂ ತಾನು ಸುತ್ತಿದ ತಂತಿಯೂ ಹಾಗೇ ಇದ್ದವು. ಅದನ್ನು ಮುಟ್ಟಲಿಲ್ಲ, ಎರಡು ಹನಿ ಎಣ್ಣೆ ಬಿಟ್ಟು ಕೆಂಪು ಇಂಜಿನ್ನಿನಲ್ಲಿ ಕೂರಿಸಿದಳು. ಹಳಿಯ ತುಂಡಿನ ಮೇಲಿಟ್ಟು ಕರೆಂಟು ಕೊಟ್ಟಾಗ ಎರಡೂ ಓಡಿದವು. ಮನಸ್ಸಿಗೆ ಏನೂ ಆಗಲಿಲ್ಲ. ಅಷ್ಟು ಸಣ್ಣ ಕೆಲಸ ಅದು, ಒಂದು ಮಧ್ಯಾಹ್ನದಲ್ಲಿ ಮುಗಿಯುವಂಥದ್ದು.

ಮುಂದಿನ ತಿಂಗಳು ಮೇಷ್ಟ್ರು ತೀರಿಕೊಂಡರು. ಸಂಘದವರು ಒಂದು ಭಾನುವಾರ ಬೆಳಿಗ್ಗೆ ವಾಚನಾಲಯದ ಮೇಲಿನ ಹಾಲಿನಲ್ಲಿ ಅವರ ನೆನಪಿಗೆ ಸೇರಿದರು. ಉದ್ದನೆಯ ಮೇಜುಗಳ ಮೇಲೆ ಹಳಿ ಜೋಡಿಸಿ, ಹಸಿರು ಮತ್ತು ಕೆಂಪು ಇಂಜಿನ್ನುಗಳನ್ನು ಓಡಲು ಬಿಟ್ಟಿದ್ದರು. ಇದ್ದವರು ಒಂಬತ್ತೋ ಹತ್ತೋ ಮಂದಿ. ತಂತಿಯಮ್ಮ ಅತ್ತಿಗೆಯನ್ನು ಕರೆದುಕೊಂಡು ಹೋಗಿದ್ದಳು. ಏನು ಹೇಳಬೇಕೆಂದು ವಾರವಿಡೀ ಮನಸ್ಸಿನಲ್ಲೇ ಉರುಹೊಡೆದಿದ್ದಳು. ಆದರೆ ಎದ್ದು ನಿಂತಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಮಗಳು ಕಣ್ಣಿಗೆ ಬಿದ್ದಳು. ಅಳು ತಡೆದು ಕೆಂಪಾದ ಮುಖ. ಮೇಷ್ಟ್ರಿಗೆ ಗೊತ್ತಿತ್ತು ಎಂಬ ಮಾತನ್ನು ತಂತಿಯಮ್ಮ ಅಲ್ಲೇ ನುಂಗಿಕೊಂಡಳು.

"ನಮ್ಮಣ್ಣ ಮೇಷ್ಟ್ರ ಮೋಟಾರು ತೆಗೆದಿರ್ಲಿಲ್ಲ" ಎಂದಳು. "ಅವನು ತೆಗೆದ ಅನ್ನೋ ಹಾಗೆ ಆಡಿದ್ದು ನಾನು. ಅದು ತಪ್ಪು. ಎಲ್ಲರ ಮುಂದೆ ಹೇಳ್ಬೇಕು ಅಂತ ಬಂದೆ."

ಇಂಜಿನ್ನುಗಳು ಹಳಿಯ ಮೇಲೆ ಸುತ್ತುತ್ತಲೇ ಇದ್ದವು. ಮುಖಗಳಲ್ಲಿ ಅವಳು ಹುಡುಕಿದ್ದು ಸಿಗಲಿಲ್ಲ. ಗಲಿಬಿಲಿ ಮಾತ್ರ ಇತ್ತು. ಎಲ್ಲರಿಗಿಂತ ಹಿರಿಯರಾದ, ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರು ಮೆಲ್ಲಗೆ ಕೇಳಿದರು.

"ಯಾವ ಮೋಟಾರಮ್ಮ? ನಿಮ್ಮಣ್ಣಂಗೆ ಕಣ್ಣು ಮಂಜಾಯ್ತು, ಅದಕ್ಕೆ ಕೆಲಸ ಬಿಟ್ರು ಅಂತ ಅಲ್ವಾ? ಮೇಷ್ಟ್ರೇ ಹೇಳಿದ್ರಲ್ಲ ನಮಗೆಲ್ಲ."

ಪಕ್ಕದವರೂ ಹೌದೆಂದು ತಲೆಯಾಡಿಸಿದರು. ಒಳ್ಳೆಯ ಕೈ, ನಮಗೆಲ್ಲ ಬೇಜಾರಾಗಿತ್ತು ಎಂದರು ಒಬ್ಬರು. ಕನ್ನಡಕ ಬದಲಾಯಿಸಿ ನೋಡಿ ಎಂದು ದಾರಿಯಲ್ಲಿ ಸಿಕ್ಕಾಗ ತಾನು ಹೇಳಿದ್ದನ್ನು, ಅದಕ್ಕೆ ಅವನು ಹೂಂ ನೋಡ್ತೀನಿ ಎಂದು ನಕ್ಕಿದ್ದನ್ನು ಇನ್ನೊಬ್ಬರು ನೆನೆಸಿಕೊಂಡರು. ಕಳ್ಳತನದ ಮಾತನ್ನು ಆ ಹಾಲಿನಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಈಗ ಅವಳ ಬಾಯಿಂದಲೇ ಮೊದಲು ಕೇಳಿದ್ದರು.

ತಂತಿಯಮ್ಮ ಕೂತಳು. ಊರು ಏನೂ ಅಂದಿರಲಿಲ್ಲ. ಊರಿಗೆ ಗೊತ್ತೇ ಇರಲಿಲ್ಲ. ಆ ಕೋಣೆಯಲ್ಲಿ ಆವತ್ತು ಇದ್ದವರು ಮೂರೇ ಜನ. ಅಣ್ಣ ಮೇಜು ಬಿಟ್ಟು ಎದ್ದದ್ದು ಯಾರ ಬಾಯಿಗೂ ಹೆದರಿ ಅಲ್ಲ. ಎದುರಿಗೆ ಕೂತವಳ ಜೊತೆ ಮತ್ತೆ ಕೂರಲಾರದೆ.

ಹಿಂದಿರುಗುವಾಗ ಬಸ್ಸು ಖಾಲಿಯಾಗಿತ್ತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ಅತ್ತಿಗೆ ಕಿಟಕಿಯ ಕಡೆಗೆ. ಬಸ್ಸು ಎರಡು ನಿಲ್ದಾಣ ದಾಟಿತು.

"ನಿಮಗೆ ನನ್ನ ಮೇಲೆ ಕೋಪ ಇರ್ಲಿಲ್ವಾ ಅತ್ತಿಗೆ?" ಎಂದು ತಂತಿಯಮ್ಮ ಕೇಳಿದಳು. ಕೇಳಲು ಇಷ್ಟು ವರ್ಷ ಹಿಡಿದಿತ್ತು.

ಅತ್ತಿಗೆ ಹೊರಗೆ ನೋಡುತ್ತಲೇ ಇದ್ದಳು. "ಇತ್ತು" ಎಂದಳು. "ಈಗಲೂ ಇದೆ. ಅವರು ಹೋದ್ಮೇಲೆ ಬೇರೆ ಮನೆ ಮಾಡೋಣ ಅಂತಾನೂ ಇದ್ದೆ. ಆದ್ರೆ ಅವರ ವಿಷಯ ಮಾತಾಡೋಕೆ ನೀನು ಬಿಟ್ರೆ ನಂಗೆ ಇನ್ಯಾರಿದ್ರು?"

"ನಾವು ಮಾತಾಡ್ಲೇ ಇಲ್ವಲ್ಲ."

"ಇಲ್ಲ" ಎಂದಳು ಅತ್ತಿಗೆ. ಮುಂದಿನ ತಿರುವಿನಲ್ಲಿ ಬಸ್ಸು ವಾಲಿದಾಗ ಅವಳ ಭಾರ ತಂತಿಯಮ್ಮನ ತೋಳಿಗೆ ತಗುಲಿತು. ತಿರುವು ಮುಗಿದ ಮೇಲೂ ಅವಳು ಸರಿದು ಕೂರಲಿಲ್ಲ. "ನಿಮ್ಮಣ್ಣ ಚಿಕ್ಕವರಿದ್ದಾಗ ಹೇಗಿದ್ರು? ನಂಗೆ ಅವರು ಗೊತ್ತಾಗಿದ್ದೇ ಮೂವತ್ತು ದಾಟಿದ ಮೇಲೆ. ಅದಕ್ಕಿಂತ ಮುಂಚಿನದು ಹೇಳು."

ತಂತಿಯಮ್ಮ ಹೇಳತೊಡಗಿದಳು. ಅವರು ಇಳಿಯಬೇಕಾದ ನಿಲ್ದಾಣ ಬಂದು ಹೋಯಿತು, ಇಬ್ಬರೂ ಏಳಲಿಲ್ಲ.